ಬೆಕ್ಕುಗಳ ರಕ್ಷಣೆ ಕೂಡಿಹಾಕುವಿಕೆಯಾದಾಗ: ಅಕ್ಕಪಕ್ಕದವರೂ ಆಪ್ತರೂ ಇಡಬೇಕಾದ ಹೆಜ್ಜೆಗಳು

ಬೆಂಗಳೂರಿನ ಒಂದು ಹಳೆಯ ಬಡಾವಣೆಯಲ್ಲಿ, ನೆಲಮಹಡಿಯ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ, ನಿವೃತ್ತ ಶಿಕ್ಷಕಿಯೊಬ್ಬರು ಬೀದಿಯಿಂದ ತಂದ ಬೆಕ್ಕುಗಳನ್ನು ಸಾಕಿಕೊಂಡಿದ್ದರು. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಯಾರೋ ದಾನ ಕೊಟ್ಟ ಒಂದು ಮೂಟೆ ಡ್ರೈ ಫುಡ್ ತಲುಪಿಸಲು. ಬಾಗಿಲು ಅರ್ಧ ತೆರೆಯುತ್ತಲೇ ಮೂತ್ರದ ಘಾಟಿಗೆ ಕಣ್ಣು ಉರಿದು ನೀರು ಬಂತು. ಅವರು ತೊಡೆಯ ಮೇಲೆ ಮರಿಯೊಂದನ್ನು ಮಲಗಿಸಿಕೊಂಡು, ಕೀವು ಕಟ್ಟಿ ಅಂಟಿಹೋಗಿದ್ದ ಅದರ ಕಣ್ಣನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ, ಒಂದಿಷ್ಟೂ ನೋವಾಗದಂತೆ ಒರೆಸುತ್ತಿದ್ದರು. ಅವರ ಹಿಂದೆ ಮಂಚದ ಕೆಳಗೆ ಅದೇ ಬಗೆಯಲ್ಲಿ ಕಣ್ಣು ಮುಚ್ಚಿಹೋಗಿದ್ದ ಇನ್ನೂ ಐದು ಮರಿಗಳಿದ್ದವು. ಎರಡಕ್ಕೆ ತಲೆ ಎತ್ತುವ ತ್ರಾಣವೂ ಇರಲಿಲ್ಲ. ಗೋಡೆಗೆ ತೂಗುಹಾಕಿದ್ದ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬೆಕ್ಕುಗಳ ಹೆಸರುಗಳನ್ನು ಶಾಲೆಯ ಹಾಜರಿ ಪುಸ್ತಕದಂತೆ ದುಂಡಗೆ ಬರೆದಿದ್ದರು. 19 ಹೆಸರುಗಳಾದ ಮೇಲೆ ಪಟ್ಟಿ ನಿಂತುಹೋಗಿತ್ತು. ಅಂದು ಎಣಿಸಿದಾಗ ಆ ಮನೆಯಲ್ಲಿದ್ದ ಬೆಕ್ಕುಗಳು 34.

ಇಂಥ ಮನೆಯ ಬಗ್ಗೆ ಕೇಳಿದಾಗ ಜನ ಎರಡೇ ಮಾತು ಹೇಳುತ್ತಾರೆ: ಆಕೆ ದೇವರಂಥವರು, ಇಲ್ಲವೇ ಆಕೆಗೆ ತಲೆ ಕೆಟ್ಟಿದೆ. ಈ ಎರಡೂ ಮಾತುಗಳಿಂದ ಒಂದು ಬೆಕ್ಕಿಗೂ ಉಪಕಾರವಾಗುವುದಿಲ್ಲ. ಹಲವು ವರ್ಷ ಇಂಥ ಮನೆಗಳಿಗೆ ಹೋಗಿಬಂದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಇದು: ಮನೆಯೊಳಗಿನ ಬೆಕ್ಕುಗಳನ್ನು ಹೊರಗೆ ಸಾಗಿಸುವುದಕ್ಕಿಂತ ಮೊದಲು, ಹೊರಗಿನ ಬೆಕ್ಕುಗಳು ಒಳಗೆ ಬರುವ ದಾರಿಯನ್ನೂ ಒಳಗೇ ಮರಿಗಳು ಹುಟ್ಟುವ ದಾರಿಯನ್ನೂ ಮುಚ್ಚಬೇಕು. ಈ ಕೆಲಸವನ್ನು ಆ ವ್ಯಕ್ತಿಯನ್ನು ಜೊತೆಗಿಟ್ಟುಕೊಂಡೇ ಮಾಡಬೇಕು. ಕೆಳಗಿನ ಹೆಜ್ಜೆಗಳು ನೆರೆಯವರಿಗೆ, ಬಂಧುಗಳಿಗೆ, ಬೆಕ್ಕಿನ ಮರಿಗಳನ್ನು ಇಂಥವರಿಗೆ ಒಪ್ಪಿಸಿ ಬರುವವರಿಗೆ, ಮತ್ತು ತಮ್ಮ ಮನೆಯಲ್ಲೇ ಇದು ನಡೆಯುತ್ತಿದೆಯೇನೋ ಎಂಬ ಅಳುಕು ಇರುವ ರಕ್ಷಕರಿಗೆ.

ಮೊದಲ ಹೆಜ್ಜೆ: ಇದು ಏನೆಂದು ಗುರುತಿಸುವುದು

ಇಂಗ್ಲಿಷಿನಲ್ಲಿ ಅನಿಮಲ್ ಹೋರ್ಡಿಂಗ್ ಎಂದು ಕರೆಯುವ ಈ ಸ್ಥಿತಿಗೆ ಕನ್ನಡದ 'ಕೂಡಿಹಾಕುವುದು' ಎಂಬ ಮಾತು ಚೆನ್ನಾಗಿ ಒಪ್ಪುತ್ತದೆ. ಅದಕ್ಕೆ ಸಂಗ್ರಹಿಸುವುದು ಎಂಬ ಅರ್ಥವೂ ಇದೆ, ಒಳಗೆ ಬಂಧಿಸಿಡುವುದು ಎಂಬ ಅರ್ಥವೂ ಇದೆ. ಇಲ್ಲಿ ನಡೆಯುವುದು ಎರಡೂ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪಶುವೈದ್ಯ ಗ್ಯಾರಿ ಪ್ಯಾಟ್ರೊನೆಕ್ 1999ರಲ್ಲಿ ಇಂಥ 54 ಪ್ರಕರಣಗಳನ್ನು ಪರಿಶೀಲಿಸಿ ಬರೆದ ಪ್ರಬಂಧ ಈ ವಿಷಯದ ಅಧ್ಯಯನಕ್ಕೆ ಅಡಿಪಾಯ ಹಾಕಿತು. ಅವುಗಳಲ್ಲಿ ಸುಮಾರು 80 ಶೇಕಡ ಪ್ರಕರಣಗಳಲ್ಲಿ ಪ್ರಾಣಿಗಳು ಸತ್ತಿದ್ದವು ಅಥವಾ ದುಃಸ್ಥಿತಿಯಲ್ಲಿದ್ದವು. ಹಾಗಿದ್ದರೂ ಅರ್ಧಕ್ಕಿಂತ ಹೆಚ್ಚು ಮಂದಿ ಸಮಸ್ಯೆ ಇದೆಯೆಂದೇ ಒಪ್ಪಿಕೊಂಡಿರಲಿಲ್ಲ. ಅಂದಿನಿಂದ ಬಳಕೆಯಲ್ಲಿರುವ ವ್ಯಾಖ್ಯೆಯ ತಿರುಳು ಇಷ್ಟು: ಆಹಾರ, ಶುಚಿತ್ವ, ಜಾಗ, ಚಿಕಿತ್ಸೆ ಇವುಗಳಲ್ಲಿ ಕನಿಷ್ಠ ಮಟ್ಟವನ್ನೂ ಒದಗಿಸಲಾಗದಿರುವುದು, ಅದರಿಂದ ಪ್ರಾಣಿಗಳ ಮೇಲೂ ಮನೆಯವರ ಮೇಲೂ ಆಗುತ್ತಿರುವ ಹಾನಿ ಕಣ್ಣಿಗೆ ಬೀಳದಿರುವುದು, ಮತ್ತು ಇಷ್ಟಾದರೂ ಸಂಖ್ಯೆಯನ್ನು ಹೆಚ್ಚಿಸುತ್ತಲೇ ಹೋಗುವುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗವರ್ಗೀಕರಣ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ವಸ್ತುಗಳನ್ನು ಕೂಡಿಹಾಕುವ ಕಾಯಿಲೆಗೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು, ಪ್ರಾಣಿಗಳನ್ನು ಕೂಡಿಹಾಕುವುದರ ಪ್ರಸ್ತಾಪವೂ ಅಲ್ಲೇ ಬರುತ್ತದೆ.

ಆದುದರಿಂದ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸಬಾರದು. 15 ಬೆಕ್ಕುಗಳಿದ್ದೂ ಎಲ್ಲಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ, ಲಸಿಕೆ ಹಾಕಿಸಿ, ಮನೆ ಗಾಳಿಯಾಡುವಂತಿದ್ದರೆ ಅದು ದೊಡ್ಡ ಸಂಸಾರ ಅಷ್ಟೆ. ಆರೇ ಬೆಕ್ಕುಗಳಿದ್ದು ಅವು ಒಂದು ಸ್ನಾನದ ಕೋಣೆಯೊಳಗೆ ಬಂದಿಯಾಗಿದ್ದರೆ ಅದು ಕೂಡಿಹಾಕುವಿಕೆ. ಈ ದಾರಿಗೆ ಬೀಳುವವರಲ್ಲಿ ಸ್ಥೂಲವಾಗಿ ಮೂರು ಬಗೆಯವರಿದ್ದಾರೆ. ಮೊದಲನೆಯವರು ಕಾಯಿಲೆ, ಸಾವು, ಆದಾಯ ನಿಂತುಹೋದದ್ದು ಮುಂತಾದ ಕಾರಣಗಳಿಂದ ಕೈಸೋತವರು. ಇವರು ಸಹಾಯವನ್ನು ಒಪ್ಪಿಕೊಳ್ಳುತ್ತಾರೆ. ಎರಡನೆಯವರು ತಮ್ಮನ್ನು ಬಿಟ್ಟರೆ ಬೆಕ್ಕುಗಳಿಗೆ ಬೇರೆ ಗತಿಯಿಲ್ಲ ಎಂದು ನಂಬಿದ ರಕ್ಷಕರು. ಇವರೊಡನೆ ಕೆಲಸ ನಿಧಾನ. ಮೂರನೆಯವರು ಪ್ರಾಣಿಗಳನ್ನು ತೋರಿಸಿ ಹಣ ಎತ್ತುವವರು. ಇವರ ವಿಷಯದಲ್ಲಿ ಕಾನೂನು ಒಂದೇ ದಾರಿ. ಎದುರಿಗಿರುವವರು ಯಾವ ಬಗೆಯವರೆಂದು ತಿಳಿಯದೆ ಮುಂದಿನ ಹೆಜ್ಜೆ ಇಡಬೇಡಿ.

ಎರಡನೆಯ ಹೆಜ್ಜೆ: ತಲೆಗಳನ್ನಲ್ಲ, ಕೈಗಳನ್ನು ಎಣಿಸುವುದು

ಪ್ರಾಣಿ ಆಶ್ರಯಧಾಮಗಳಲ್ಲಿ ಶುಚಿ ಮಾಡುವುದಕ್ಕೂ ಊಟ ಹಾಕುವುದಕ್ಕೂ ಸೇರಿ ಒಂದು ಪ್ರಾಣಿಗೆ ದಿನಕ್ಕೆ ಕನಿಷ್ಠ 15 ನಿಮಿಷ ಬೇಕೆಂದು ಅಮೆರಿಕದ ಪ್ರಾಣಿ ನಿಯಂತ್ರಣ ಸಂಘಟನೆಯವರು ಬಹಳ ಹಿಂದೆಯೇ ಲೆಕ್ಕ ಹಾಕಿದ್ದಾರೆ. ಆ ಲೆಕ್ಕವನ್ನು ಮೇಲೆ ಹೇಳಿದ ಮನೆಗೆ ಅನ್ವಯಿಸಿ ನೋಡಿ. 34 ಬೆಕ್ಕುಗಳಿಗೆ ದಿನಕ್ಕೆ ಎಂಟೂವರೆ ಗಂಟೆ ಬೇಕು. ಅದರಲ್ಲಿ ಔಷಧ ಕುಡಿಸುವುದಾಗಲಿ, ಆಸ್ಪತ್ರೆಗೆ ಒಯ್ಯುವುದಾಗಲಿ, ಮುದ್ದಿಸುವುದಾಗಲಿ ಸೇರಿಲ್ಲ, ಭಾನುವಾರದ ರಜೆಯೂ ಇಲ್ಲ. ನಾಲ್ಕು ಕಿಲೋ ತೂಗುವ ಬೆಕ್ಕು ದಿನಕ್ಕೆ ಸುಮಾರು 60 ಗ್ರಾಂ ಡ್ರೈ ಫುಡ್ ತಿನ್ನುತ್ತದೆ ಎಂದು ಹಿಡಿದರೆ ಆ ಮನೆಗೆ ದಿನಕ್ಕೆ ಎರಡು ಕಿಲೋ, ತಿಂಗಳಿಗೆ 60 ಕಿಲೋ ಮೀರಿದ ಆಹಾರ ಬೇಕು. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಲಿಟರ್ ಟ್ರೇ (ಬೆಕ್ಕುಗಳು ಮಲಮೂತ್ರ ಮಾಡುವ ತಟ್ಟೆ) ಇರಬೇಕೆಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ನಿಯಮ. ಅಲ್ಲಿ ಇದ್ದದ್ದು ನಾಲ್ಕು. ಮಂಡಿನೋವಿನ, ಪಿಂಚಣಿಯಲ್ಲಿ ಬದುಕುವ ಒಬ್ಬ ಹೆಂಗಸಿನಿಂದ ಇದು ಆಗದ ಮಾತು. ಅವರ ಪ್ರೀತಿ ಎಷ್ಟೇ ದೊಡ್ಡದಿದ್ದರೂ ದಿನಕ್ಕೆ ಇರುವುದು 24 ಗಂಟೆಯೇ.

ಹಣ ಸಾಲದಾದಾಗ ಮೊದಲು ಕೆಡುವುದು ಆಹಾರ. ಹಾಲನ್ನ, ಮೊಸರನ್ನ ಹಾಕಿ ಹೊಟ್ಟೆ ತುಂಬಿಸುವ ಮನೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಬೆಕ್ಕಿನ ದೇಹಕ್ಕೆ ಟಾರೀನ್ ಎಂಬ ಪೋಷಕಾಂಶ ಅನಿವಾರ್ಯ, ಅದು ಸಿಗುವುದು ಮಾಂಸ ಮೀನುಗಳಿಂದ. ತಿಂಗಳುಗಟ್ಟಲೆ ಅದಿಲ್ಲದಿದ್ದರೆ ಬೆಕ್ಕಿನ ಕಣ್ಣು ಹೋಗಬಹುದು, ಹೃದಯ ಹಿಗ್ಗಿ ಸಾಯಲೂಬಹುದು.

ಮನೆಯೊಳಗೆ ಕಾಲಿಟ್ಟಾಗ ಗಮನಿಸಬೇಕಾದವು ಹಲವಿವೆ. ಮೂತ್ರದಿಂದ ಹೊಮ್ಮುವ ಅಮೋನಿಯದ ಘಾಟು ಅವುಗಳಲ್ಲಿ ಮೊದಲನೆಯದು. ಅಲ್ಲೇ ವಾಸಿಸುವವರ ಮೂಗಿಗೆ ಅದು ಒಗ್ಗಿಹೋಗಿರುತ್ತದಾದ್ದರಿಂದ 'ಏನೂ ವಾಸನೆಯಿಲ್ಲವಲ್ಲ' ಎಂದು ಅವರು ಹೇಳುವುದು ಸುಳ್ಳಲ್ಲ. ಬೆನ್ನು ಸವರಿದರೆ ಕೈಗೆ ಮೂಳೆ ಸಿಗುತ್ತದೆಯೇ, ಮೂಗು ಕಣ್ಣು ಸುರಿಯುತ್ತಿವೆಯೇ, ಚರ್ಮದ ಮೇಲೆ ದುಂಡಗೆ ಕೂದಲು ಉದುರಿದೆಯೇ, ಗಂಡು ಹೆಣ್ಣುಗಳು ಶಸ್ತ್ರಚಿಕಿತ್ಸೆಯಿಲ್ಲದೆ ಒಟ್ಟಿಗೇ ಇವೆಯೇ ಎಂದು ನೋಡಿ. ಅಷ್ಟೇ ಮುಖ್ಯವಾದದ್ದು ಮಾತಿನ ರೀತಿ: 'ದತ್ತು ತಗೊಂಡವರು ಯಾರೂ ಸರಿಯಾಗಿ ನೋಡಿಕೊಳ್ಳಲ್ಲ' ಎಂದು ಯಾರಿಗೂ ಮರಿ ಕೊಡದಿರುವುದು, ಕಳೆದ ತಿಂಗಳು ಎಷ್ಟು ಸತ್ತವು ಎಂದರೆ ಮಾತು ಬದಲಾಯಿಸುವುದು, ಪಶುವೈದ್ಯರನ್ನೂ ಒಳಗೆ ಬಿಟ್ಟುಕೊಳ್ಳದಿರುವುದು, ಹೊಸ ಮರಿ ಬಂದಾಗ 'ಆಗಲ್ಲ' ಎಂಬ ಮಾತೇ ಬಾಯಿಗೆ ಬಾರದಿರುವುದು.

ನೀವೇ ರಕ್ಷಕರಾಗಿದ್ದರೆ ಇಂದು ರಾತ್ರಿ ಒಂದು ಹಾಳೆಯಲ್ಲಿ ಪ್ರತಿಯೊಂದು ಬೆಕ್ಕಿನ ಹೆಸರು, ವಯಸ್ಸು, ಶಸ್ತ್ರಚಿಕಿತ್ಸೆಯ ದಿನಾಂಕ, ಕೊನೆಯ ಲಸಿಕೆಯ ದಿನಾಂಕ ನೆನಪಿನಿಂದ ಬರೆದು ನೋಡಿ. ಪಟ್ಟಿ ನಡುವೆ ನಿಂತುಹೋದರೆ ನಾಳೆ ಬೆಳಿಗ್ಗೆ ಯಾರಿಗಾದರೂ ಫೋನ್ ಮಾಡಿ ಸಹಾಯ ಕೇಳಿ. ಹಾಗೆ ಕೇಳುವುದರಲ್ಲಿ ಅವಮಾನವಿಲ್ಲ.

ಮೂರನೆಯ ಹೆಜ್ಜೆ: ಬರುವ ದಾರಿ ಮುಚ್ಚುವುದು

ಆ ಶಿಕ್ಷಕಿ 34 ಬೆಕ್ಕುಗಳನ್ನೂ ತಾವೇ ಹುಡುಕಿಕೊಂಡು ಹೋಗಿ ತಂದವರಲ್ಲ. 'ಬೆಕ್ಕಮ್ಮ' ಎಂದು ಬೀದಿಯಲ್ಲಿ ಹೆಸರಾದ ಮೇಲೆ ಜನರೇ ತಂದು ಬಿಟ್ಟರು. ಬೆಳಗಾಗುವಷ್ಟರಲ್ಲಿ ಗೇಟಿನ ಬಳಿ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಇರುತ್ತಿತ್ತು, ಒಳಗೆ ಕಣ್ಣು ಬಿಡದ ಮರಿಗಳು. ವಾಟ್ಸಾಪ್ ಗುಂಪುಗಳಲ್ಲಿ 'ಯಾರಾದ್ರೂ ತಗೊಳ್ಳಿ ಪ್ಲೀಸ್' ಎಂಬ ಸಂದೇಶಕ್ಕೆ 20 ಜನ ಕೈಮುಗಿದ ಚಿತ್ರ ಹಾಕಿದರೆ, ಒಬ್ಬರು ಆಕೆಯ ಫೋನ್ ನಂಬರ್ ಹಾಕುತ್ತಿದ್ದರು. ಮರಿ ಒಪ್ಪಿಸಿ ಬಂದವರು ಒಂದು ಜೀವ ಉಳಿಸಿದೆವೆಂಬ ಸಮಾಧಾನದಿಂದ ನಿದ್ದೆ ಮಾಡುತ್ತಿದ್ದರು. ಆ ಮರಿ ಮುಂದೆ ಏನಾಯಿತೆಂದು ತಿರುಗಿ ಕೇಳಿದವರು ಬೆರಳೆಣಿಕೆಯಷ್ಟು. ಈ ಮಾತನ್ನು ನೋವಿನಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ಮೊದಮೊದಲು ನಾನೂ ಹೀಗೆ ಬೇರೆಯವರ ಮನೆಗೆ ಮರಿಗಳನ್ನು ಒಪ್ಪಿಸಿ ಬಂದವಳೇ.

ಆದುದರಿಂದ ಮರಿ ಕಂಡ ಕೂಡಲೇ ಎತ್ತಬೇಡಿ. ತಾಯಿಬೆಕ್ಕು ಆಹಾರ ಹುಡುಕಲು ಗಂಟೆಗಟ್ಟಲೆ ಹೊರಗೆ ಹೋಗುವುದುಂಟು, ಮರಿಗಳನ್ನು ಒಂದೊಂದಾಗಿ ಬೇರೆ ಜಾಗಕ್ಕೆ ಸಾಗಿಸುವುದೂ ಉಂಟು. ಮರಿ ಗಾಯಗೊಂಡಿಲ್ಲದಿದ್ದರೆ, ಮೈ ತಣ್ಣಗಾಗಿಲ್ಲದಿದ್ದರೆ, ಮಳೆಗೋ ವಾಹನಕ್ಕೋ ಸಿಗುವಂಥ ಜಾಗದಲ್ಲಿಲ್ಲದಿದ್ದರೆ ದೂರದಿಂದ ಕಾದು ನೋಡಿ. ತಾಯಿ ಬಂದರೆ ಮರಿಗಳು ಹಾಲು ಬಿಡುವವರೆಗೆ ಅಲ್ಲೇ ಆಹಾರ ಇಟ್ಟು, ಆಮೇಲೆ ತಾಯಿಗೂ ಮರಿಗಳಿಗೂ ಶಸ್ತ್ರಚಿಕಿತ್ಸೆ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಬೇರೆಯವರಿಗೆ ಒಪ್ಪಿಸಲೇಬೇಕಾದ ಸಂದರ್ಭದಲ್ಲಿ ಸಂಕೋಚವಿಲ್ಲದೆ ಕೇಳಿ: ಈಗ ಎಷ್ಟು ಬೆಕ್ಕುಗಳಿವೆ, ಮರಿ ಇರುವ ಜಾಗವನ್ನು ನಾನು ನೋಡಬಹುದೇ, ಹೊಸದಾಗಿ ಬಂದದ್ದನ್ನು ಬೇರೆ ಕೋಣೆಯಲ್ಲಿ ಇಡುತ್ತೀರಾ, ಯಾವ ವೈದ್ಯರ ಬಳಿ ತೋರಿಸುತ್ತೀರಿ, ಕಳೆದ ಆರು ತಿಂಗಳಲ್ಲಿ ಎಷ್ಟು ಬೆಕ್ಕುಗಳು ದತ್ತು ಹೋಗಿವೆ, ಮುಂದಿನ ತಿಂಗಳು ಬಂದು ನೋಡಲೇ? ಒಳ್ಳೆಯ ರಕ್ಷಕರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಎಷ್ಟೋ ಸಲ 'ಈಗ ಜಾಗ ಇಲ್ಲ, ನೀವೇ ಮೂರು ವಾರ ಇಟ್ಟುಕೊಳ್ಳಿ, ನಾನು ಹೇಳಿಕೊಡುತ್ತೇನೆ' ಎನ್ನುತ್ತಾರೆ. ಆ ಉತ್ತರ ಕೊಡುವವರನ್ನು ಗೌರವಿಸಿ. ಒಪ್ಪಿಸಿದ ಮರಿಯ ಲಸಿಕೆ ಮತ್ತು ಶಸ್ತ್ರಚಿಕಿತ್ಸೆಯ ಖರ್ಚು ನಿಮ್ಮದೇ ಎಂದು ತಿಳಿಯಿರಿ.

ಈಗಾಗಲೇ ತುಂಬಿಹೋದ ಮನೆಯ ವಿಷಯದಲ್ಲಿ ಮಾಡಬೇಕಾದ್ದೆಂದರೆ ಆ ಫೋನ್ ನಂಬರನ್ನು ಗುಂಪುಗಳಿಂದ ತೆಗೆಸುವುದು, ಮರಿ ತರುವವರಿಗೆ ಉತ್ತರಿಸುವ ಹೊಣೆಯನ್ನು ಇನ್ನೊಬ್ಬರು ಹೊರುವುದು, ಮತ್ತು ಗೇಟಿಗೆ 'ಇಲ್ಲಿ ಬೆಕ್ಕುಗಳನ್ನು ಬಿಡಬೇಡಿ, ಬಿಡುವುದು ಅಪರಾಧ' ಎಂದು ಬರೆದು ಹಾಕುವುದು. ಇದು ಬರಿಯ ಬೆದರಿಕೆಯಲ್ಲ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಸೆಕ್ಷನ್ನಿನಲ್ಲಿ ಅಪರಾಧವೆಂದೇ ಇದೆ.

ನಾಲ್ಕನೆಯ ಹೆಜ್ಜೆ: ಮಾತಾಡುವುದು

ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂಬ ಪ್ರಶ್ನೆ ಇಲ್ಲಿ ನಿಜವಾಗಿಯೂ ಎದುರಾಗುತ್ತದೆ. ಅವರಿಗೆ ನಂಬಿಕೆಯಿರುವ ಒಬ್ಬರು, ಹೆಚ್ಚೆಂದರೆ ಇಬ್ಬರು ಹೋಗಬೇಕು. ಐದಾರು ಜನ ಬೆಕ್ಕು ಒಯ್ಯುವ ಕ್ಯಾರಿಯರ್‌ಗಳನ್ನು ಹಿಡಿದು ನಿಂತರೆ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಮೊಬೈಲ್ ಹೊರತೆಗೆದು ವೀಡಿಯೋ ಮಾಡಬಾರದು, ಅದನ್ನು ಜಾಲತಾಣದಲ್ಲಿ ಹಾಕಲೇಬಾರದು. ಹಾಗೆ ಯಾರೋ ವೀಡಿಯೋ ಹಾಕಿದ್ದರಿಂದ ಒಂದು ಮನೆಯವರು ರಾತ್ರೋರಾತ್ರಿ ಬೆಕ್ಕುಗಳೊಂದಿಗೆ ಬೇರೆಡೆಗೆ ಹೊರಟುಹೋದದ್ದನ್ನು ನಾನು ಕಂಡಿದ್ದೇನೆ, ಆ ಬೆಕ್ಕುಗಳ ಸುಳಿವು ಮತ್ತೆ ಸಿಗಲಿಲ್ಲ.

'ಇಷ್ಟೊಂದು ಬೆಕ್ಕು ಯಾಕೆ ಇಟ್ಟುಕೊಂಡಿದ್ದೀರಿ', 'ಮನೆ ಎಷ್ಟು ಗಲೀಜಾಗಿದೆ ನೋಡಿ' ಎಂಬ ಮಾತುಗಳಿಂದ ಆರಂಭಿಸಬೇಡಿ. ಒಂದು ಬೆಕ್ಕಿನಿಂದ ಆರಂಭಿಸಿ. ನಾನು ಆ ದಿನ ಕೇಳಿದ್ದು ಇಷ್ಟೇ: 'ಅಮ್ಮಾ, ಈ ಮರಿ ಕಣ್ಣು ಇವತ್ತೇ ಡಾಕ್ಟರಿಗೆ ತೋರಿಸೋಣ, ಆಟೋ ನಾನು ಕರೆಸ್ತೀನಿ, ನೀವೂ ಬನ್ನಿ.' ಅವರು ಬಂದರು. ದಾರಿಯಲ್ಲಿ ಮಂಚದ ಕೆಳಗಿನ ಐದರ ಮಾತು ಅವರ ಬಾಯಿಂದಲೇ ಬಂತು. ಎರಡನೆಯ ವಾರ 'ನಿಮಗೆ ಏನಾದ್ರೂ ಆದ್ರೆ ಇವುಗಳನ್ನ ಯಾರು ನೋಡ್ಕೋತಾರಮ್ಮಾ?' ಎಂದು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, 'ಅದೇ ಯೋಚನೆ, ರಾತ್ರಿಯೆಲ್ಲಾ ನಿದ್ದೆ ಬರಲ್ಲ' ಎಂದರು. ಒತ್ತಾಯದಿಂದ ಸಿಗದ ಒಪ್ಪಿಗೆ ಅಲ್ಲಿಂದ ಸಿಕ್ಕಿತು.

ಆಹಾರ ಕೊಂಡೊಯ್ಯುವವರು ಒಂದು ಎಚ್ಚರ ವಹಿಸಬೇಕು. ಆಹಾರವನ್ನಷ್ಟೇ ಕೊಟ್ಟು ಬಂದರೆ ಇನ್ನೂ ಹತ್ತು ಬೆಕ್ಕುಗಳಿಗೆ ಜಾಗ ಮಾಡಿಕೊಟ್ಟಂತಾಗುತ್ತದೆ. ಈ ವಾರ ಆಹಾರ ತಂದಾಗ ಎರಡು ಹೆಣ್ಣುಬೆಕ್ಕುಗಳನ್ನು ಶಸ್ತ್ರಚಿಕಿತ್ಸೆಗೆ ಒಯ್ಯುತ್ತೇನೆ ಎಂದು ಮೊದಲೇ ಮಾತಾಡಿಕೊಂಡು, ಹೇಳಿದ ದಿನ ತಪ್ಪದೆ ಹೋಗಿ, ಒಯ್ದ ಬೆಕ್ಕನ್ನು ತಪ್ಪದೆ ತಂದುಕೊಡಿ. ಒಂದೇ ಒಂದು ಸಲ ಮಾತು ತಪ್ಪಿದರೂ ನಂಬಿಕೆ ಕುಸಿಯುತ್ತದೆ.

ಐದನೆಯ ಹೆಜ್ಜೆ: ಮನೆಯೊಳಗಿನ ಮೊದಲ ದಿನ

ಮಾಸ್ಕ್, ಕೈಗವಸು, ತೊಳೆಯಬಹುದಾದ ಚಪ್ಪಲಿ ಹಾಕಿಕೊಂಡು ಹೋಗಿ. ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಹೋಗಬಾರದು, ಏಕೆಂದರೆ ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಸೋಂಕು ತಗಲಬಹುದು. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದಿನ ವಿಚಾರ ಕೇಳಿ. ಮನೆಬೆಕ್ಕು ತಾನೇ ಎಂದು ಉಪೇಕ್ಷಿಸಬೇಡಿ.

ಶುಚಿ ಮಾಡುವಾಗ ಜೀವಕ್ಕೇ ಎರವಾಗುವ ತಪ್ಪುಗಳು ನಡೆಯುತ್ತವೆ. ಮೂತ್ರ ನೆನೆದ ನೆಲಕ್ಕೆ ನೇರವಾಗಿ ಬ್ಲೀಚ್ ಸುರಿದರೆ ಅದು ಅಮೋನಿಯದೊಡನೆ ಸೇರಿ ಕ್ಲೋರಮೈನ್ ಎಂಬ ವಿಷಾನಿಲವಾಗುತ್ತದೆ. ಮೊದಲು ಕಿಟಕಿಗಳಿಗೆ ಬಲೆ ಬಿಗಿದು ತೆರೆಯಿರಿ, ಸೋಪು ಮತ್ತು ಧಾರಾಳ ನೀರಿನಿಂದ ತೊಳೆಯಿರಿ, ನೆಲ ಸ್ವಚ್ಛವಾದ ಮೇಲಷ್ಟೇ ಬೆಕ್ಕುಗಳನ್ನು ಬೇರೆ ಕೋಣೆಗೆ ಹಾಕಿ, ಒಂದು ಭಾಗ ಬ್ಲೀಚಿಗೆ 32 ಭಾಗ ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು ಮತ್ತೆ ತೊಳೆಯಿರಿ. ನಮ್ಮ ಮನೆಗಳಲ್ಲಿ ವಾಡಿಕೆಯಾಗಿರುವ ಫಿನಾಯಿಲ್ ಬೇಡವೇ ಬೇಡ. ಅದರಲ್ಲಿರುವ ಫೀನಾಲಿನಂಥ ವಸ್ತುಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ವಿಷವೇರುತ್ತದೆ. ಇದೇ ಕಾರಣಕ್ಕೆ ಜ್ವರವೆಂದು ಪ್ಯಾರಾಸಿಟಮಾಲ್ ಕೊಡಬಾರದು: ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ನಾಯಿಗಳ ಉಣ್ಣಿಗೆ ಹಚ್ಚುವ ಪರ್ಮೆತ್ರಿನ್ ಔಷಧವೂ ಅಷ್ಟೇ ಅಪಾಯಕಾರಿ.

ಆಮೇಲೆ ಪಟ್ಟಿ ಮಾಡಿ. ಆ ವ್ಯಕ್ತಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಬೆಕ್ಕಿನ ಫೋಟೋ ತೆಗೆದು, ಹೆಸರು, ಗಂಡೋ ಹೆಣ್ಣೋ, ಅಂದಾಜು ವಯಸ್ಸು, ಕಾಣುವ ತೊಂದರೆ ಇವನ್ನು ಬರೆದುಕೊಳ್ಳಿ. ಹೆಸರಿಲ್ಲದವಕ್ಕೆ ಅವರೇ ಹೆಸರಿಡಲಿ. ಉಸಿರಾಡಲು ಕಷ್ಟಪಡುವ, ತಲೆ ಎತ್ತಲಾಗದ, ಮೂತ್ರ ಹೋಗಲು ಪರದಾಡುವ, ಒಂದು ದಿನದಿಂದ ಏನೂ ತಿನ್ನದ ಬೆಕ್ಕುಗಳು ಅಂದೇ ಆಸ್ಪತ್ರೆಗೆ ಹೋಗಬೇಕು. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಶಿವಮೊಗ್ಗ, ಹಾಸನಗಳಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಉಳಿದೆಡೆ ತಾಲ್ಲೂಕಿನ ಪಶು ಆಸ್ಪತ್ರೆಯಿಂದ ಆರಂಭಿಸಬಹುದು. ಬಹುದಿನಗಳ ಹಸಿವಿನಿಂದ ಬಡಕಲಾದ ಬೆಕ್ಕಿಗೆ ಕರುಣೆಯಿಂದ ಒಮ್ಮೆಗೇ ಹೊಟ್ಟೆ ಬಿರಿಯುವಷ್ಟು ಹಾಕಬಾರದು. ರಕ್ತದಲ್ಲಿ ಲವಣಗಳ ಪ್ರಮಾಣ ಏಕಾಏಕಿ ಕುಸಿದು ಅದು ಸಾಯಬಹುದು. ಸ್ವಲ್ಪ ಸ್ವಲ್ಪವಾಗಿ, ಕೆಲವು ದಿನಗಳ ಅವಧಿಯಲ್ಲಿ, ವೈದ್ಯರು ಹೇಳಿದಂತೆ ಹೆಚ್ಚಿಸಬೇಕು.

ಆರನೆಯ ಹೆಜ್ಜೆ: ಹುಟ್ಟುವ ದಾರಿ ಮುಚ್ಚುವುದು

ಗಂಡುಗಳನ್ನೂ ಹೆಣ್ಣುಗಳನ್ನೂ ಮೊದಲ ದಿನವೇ ಬೇರೆ ಬೇರೆ ಕೋಣೆಗಳಿಗೆ ಹಾಕಿ, ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವುದು ಆಮೇಲಿನ ಮಾತು. ಬೆಕ್ಕಿನ ಗರ್ಭಾವಧಿ ಸುಮಾರು 63ರಿಂದ 65 ದಿನ. ನಾಲ್ಕೈದು ತಿಂಗಳ ಹೆಣ್ಣುಮರಿ ಗರ್ಭ ಧರಿಸಬಲ್ಲದು. ಹಾಲೂಡಿಸುತ್ತಿರುವ ತಾಯಿಯೂ ಮತ್ತೆ ಧರಿಸಬಲ್ಲದು. ಅಣ್ಣ ತಂಗಿ, ತಾಯಿ ಮಗ ಎಂಬ ಭೇದ ಅವುಗಳಿಗಿಲ್ಲ. ಒಂಬತ್ತು ಗಂಡುಗಳಲ್ಲಿ ಎಂಟಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿ ಒಂದನ್ನು ಬಿಟ್ಟರೆ, ಆ ಒಂದೇ ಗಂಡು ಎಲ್ಲ ಹೆಣ್ಣುಗಳಿಗೂ ಸಾಕು. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ: ಶಸ್ತ್ರಚಿಕಿತ್ಸೆಯಾದ ಮೇಲೂ ಗಂಡಿನಲ್ಲಿ ಕೆಲವು ವಾರ ವೀರ್ಯಾಣುಗಳು ಉಳಿದಿರುತ್ತವೆ, ಆದ್ದರಿಂದ ಮತ್ತೆ ಒಂದೂವರೆ ತಿಂಗಳು ಪ್ರತ್ಯೇಕವಾಗಿಯೇ ಇಡಬೇಕು. ಸಾಮಾನ್ಯವಾಗಿ ನಾಲ್ಕು ತಿಂಗಳು ತುಂಬಿ, ಒಂದು ಕಿಲೋ ತೂಕ ದಾಟಿದ ಆರೋಗ್ಯವಂತ ಮರಿಗೂ ಶಸ್ತ್ರಚಿಕಿತ್ಸೆ ಮಾಡಬಹುದು. ಕಾಯಿಲೆಯಿರುವವಕ್ಕೆ ಮೊದಲು ಚಿಕಿತ್ಸೆ, ಗರ್ಭಿಣಿಯರ ವಿಷಯದಲ್ಲಿ ವೈದ್ಯರದೇ ನಿರ್ಧಾರ.

ಏಳನೆಯ ಹೆಜ್ಜೆ: ರೋಗಗಳನ್ನು ಬೇರ್ಪಡಿಸುವುದು

ಇಕ್ಕಟ್ಟು ಮತ್ತು ಆತಂಕವೇ ಇಂಥ ಮನೆಗಳಲ್ಲಿ ಕಾಯಿಲೆಗಳ ಮೂಲ. ಕಣ್ಣು ಮೂಗು ಸುರಿಸುವ ಹರ್ಪಿಸ್ ವೈರಾಣು ಒಮ್ಮೆ ದೇಹ ಹೊಕ್ಕರೆ ಅಲ್ಲೇ ಅಡಗಿದ್ದು ಬೆಕ್ಕು ಬೆದರಿದಾಗಲೆಲ್ಲ ಮತ್ತೆ ತಲೆಯೆತ್ತುತ್ತದೆ. ಜಾಗ ಕೊಡದೆ ಔಷಧ ಹಾಕುತ್ತಲೇ ಇದ್ದರೆ ಗುಣವಾಗುವುದಿಲ್ಲ. ಬೆಕ್ಕಿನ ಕರುಳಿನಲ್ಲಿರುವ ಕೊರೊನಾ ವೈರಾಣು (ಕೋವಿಡ್ ತರುವುದಲ್ಲ, ಬೇರೆಯದು) ಒಂದೇ ಲಿಟರ್ ಟ್ರೇ ಬಳಸುವ ಬೆಕ್ಕುಗಳಲ್ಲಿ ಸುಲಭವಾಗಿ ಹಬ್ಬಿ, ಕೆಲವು ಬೆಕ್ಕುಗಳಲ್ಲಿ ರೂಪಾಂತರಗೊಂಡು ಎಫ್‌ಐಪಿ ಎಂಬ ಮಾರಕ ಕಾಯಿಲೆಯಾಗುತ್ತದೆ. ಎಲ್ಲಕ್ಕಿಂತ ಭಯಂಕರವಾದದ್ದು ಪ್ಯಾನ್‌ಲ್ಯುಕೋಪೀನಿಯ. ವಾಂತಿ, ಭೇದಿ, ನಿತ್ರಾಣದಿಂದ ಮರಿಗಳು ಒಂದರ ಹಿಂದೆ ಒಂದು ಹೋಗುತ್ತವೆ, ಅದರ ವೈರಾಣು ಮನೆಯ ಮೂಲೆಗಳಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಅಂಥ ಮನೆಗೆ ಲಸಿಕೆಯಾಗದ ಮರಿಯನ್ನು ತರುವುದೆಂದರೆ ಅದನ್ನು ಗೊತ್ತಿದ್ದೂ ಸಾವಿನ ಬಾಯಿಗೆ ಕೊಟ್ಟಂತೆ.

ಲಸಿಕೆಯನ್ನು ಆರರಿಂದ ಎಂಟು ವಾರಕ್ಕೆ ಆರಂಭಿಸಿ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ ಮುಂದುವರಿಸಬೇಕು. ರೇಬಿಸ್ ಲಸಿಕೆ 12 ವಾರದ ಮೇಲೆ. ದುಂಡಗೆ ಕೂದಲು ಉದುರಿಸುವ ಶಿಲೀಂಧ್ರ ಮನುಷ್ಯರಿಗೂ ಹರಡುತ್ತದೆ. ರಕ್ತಪರೀಕ್ಷೆಯಲ್ಲಿ ಲ್ಯುಕೇಮಿಯಾ ವೈರಾಣು ಕಂಡುಬಂದ ಬೆಕ್ಕುಗಳು ಪ್ರತ್ಯೇಕವಾಗಿರಬೇಕು, ಅದು ಎಂಜಲಿನಿಂದ, ಒಂದೇ ತಟ್ಟೆಯಿಂದ ಹರಡುವಂಥದು.

ಎಂಟನೆಯ ಹೆಜ್ಜೆ: ಯಾವ ಬೆಕ್ಕು ಎಲ್ಲಿಗೆ

ಎಲ್ಲವನ್ನೂ ಒಂದೇ ದಿನ ಹೊತ್ತೊಯ್ಯಬೇಡಿ. ಮನೆ ಬರಿದಾದ ವಾರದೊಳಗೆ ಹೊಸ ಬೆಕ್ಕುಗಳು ತುಂಬಿಕೊಂಡದ್ದನ್ನು ಈ ಕೆಲಸದಲ್ಲಿರುವವರೆಲ್ಲ ಕಂಡಿದ್ದಾರೆ. ಅವರ ಕೈಲಾಗುವಷ್ಟು, ಅವರಿಗೆ ಹೆಚ್ಚು ಹೊಂದಿಕೊಂಡಿರುವ, ವಯಸ್ಸಾದ ಕೆಲವನ್ನು ಅವರ ಬಳಿಯೇ ಬಿಡಿ, ಯಾವುವೆಂದು ಅವರೇ ಆರಿಸಲಿ. ಮರಿಗಳನ್ನೂ ಬೆರೆಯುವ ಬೆಕ್ಕುಗಳನ್ನೂ ಮೊದಲು ದತ್ತು ಕೊಡಿ. ತುಂಬಿಹೋಗಿರುವ ಆಶ್ರಯಧಾಮಕ್ಕೆ ಸಾಗಿಸುವುದು ಪರಿಹಾರವಲ್ಲ, ಅದು ಇದೇ ಸಮಸ್ಯೆಯನ್ನು ಬೇರೆ ವಿಳಾಸಕ್ಕೆ ಕಳಿಸಿದಂತೆ. ವರ್ಷಗಟ್ಟಲೆ ಒಳಗಿದ್ದ ಬೆಕ್ಕನ್ನು ಗೊತ್ತಿಲ್ಲದ ಬೀದಿಯಲ್ಲಿ ಬಿಡುವುದು ತೊರೆಯುವುದೇ ಆಗುತ್ತದೆ. ಇತ್ತೀಚೆಗೆ ಹತ್ತಿರದ ಬೀದಿಯಿಂದ ತಂದ, ಆರೋಗ್ಯವಾಗಿರುವ, ಶಸ್ತ್ರಚಿಕಿತ್ಸೆಯಾಗಿ ಕಿವಿಯ ತುದಿ ಕತ್ತರಿಸಿ ಗುರುತು ಮಾಡಿದ ಬೆಕ್ಕನ್ನು, ಅಲ್ಲಿ ಆಹಾರ ಹಾಕುವವರಿದ್ದರೆ ಮಾತ್ರ, ಅದೇ ಜಾಗಕ್ಕೆ ಬಿಡಬಹುದು. ಗುಣವಾಗದ ನೋವಿನಲ್ಲಿರುವ ಬೆಕ್ಕಿಗೆ ದಯಾಮರಣ ಕೊಡಬೇಕೆಂದು ಪಶುವೈದ್ಯರು ಹೇಳಿದರೆ ಅದನ್ನು ಒಪ್ಪಿಕೊಳ್ಳುವ ಧೈರ್ಯವೂ ಬೇಕು. ಆಗ ಆ ವ್ಯಕ್ತಿಗೆ ಕೊನೆಯ ಸಲ ಅದನ್ನು ಮುಟ್ಟಿ ಕಳುಹಿಸಿಕೊಡುವ ಅವಕಾಶ ಇರಲಿ.

ಒಂಬತ್ತನೆಯ ಹೆಜ್ಜೆ: ಕಾನೂನು

ಮಾತು ಪೂರ್ತಿ ಸೋತಾಗ, ಅಥವಾ ಎದುರಿಗಿರುವವರು ದಾನದ ಹಣಕ್ಕಾಗಿ ಪ್ರಾಣಿಗಳನ್ನು ನರಳಿಸುತ್ತಿರುವಾಗ ಕಾನೂನಿನ ಮೊರೆ ಹೋಗಬೇಕು. 1960ರ ಕಾಯಿದೆಯ 11ನೆಯ ಸೆಕ್ಷನ್ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದೂ, ಅಲುಗಾಡಲು ಜಾಗವಿಲ್ಲದ ಪಂಜರದಲ್ಲಿಡುವುದೂ ಅಪರಾಧ. ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಆರು ದಶಕಗಳಾದರೂ ಈ ಮೊತ್ತ ಬದಲಾಗದಿರುವುದು ನಾಚಿಕೆಯ ಸಂಗತಿ. ಇಂಥ ಉಪೇಕ್ಷೆಯ ಪ್ರಕರಣದಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆ ನಡೆಸುವಂತಿಲ್ಲವಾದ್ದರಿಂದ ದೂರಿನ ಜೊತೆ ದಿನಾಂಕವಿರುವ ಫೋಟೋಗಳು ಮತ್ತು ಪಶುವೈದ್ಯರ ಲಿಖಿತ ವರದಿ ಇರಲಿ. ದಂಡಕ್ಕಿಂತ ಉಪಯುಕ್ತವಾದವು ಇನ್ನೆರಡು ಸೆಕ್ಷನ್‌ಗಳು: 35ರಂತೆ ಪ್ರಾಣಿಗಳನ್ನು ಚಿಕಿತ್ಸೆ ಮತ್ತು ಆರೈಕೆಗೆ ಕಳುಹಿಸಬಹುದು, 29ರಂತೆ ನ್ಯಾಯಾಲಯ ಅಪರಾಧಿಯಿಂದ ಪ್ರಾಣಿಯ ಒಡೆತನವನ್ನೇ ತೆಗೆದುಹಾಕಬಹುದು. 2001ರ ನಿಯಮಗಳಂತೆ ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ಹಿಂಸೆ ತಡೆ ಸಂಘ ಇರಬೇಕು. ದೂರಿನ ಪ್ರತಿಯನ್ನು ಅದಕ್ಕೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೂ ಕಳುಹಿಸಿ.

ವಾಸನೆಯಿಂದ ಬೇಸತ್ತ ನೆರೆಯವರಿಗೂ ಒಂದು ಮಾತು. ನಿಮ್ಮ ಸಂಕಟ ನಿಜ. ಆದರೆ ವಿಷ ಹಾಕಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 325ನೆಯ ಸೆಕ್ಷನ್ನಿನಡಿ ಐದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಮನೆ ಖಾಲಿ ಮಾಡಿಸುವಂತೆ ಮಾಲೀಕರ ಮೇಲೆ ಒತ್ತಡ ತರುವ ಬದಲು ಮೂರು ತಿಂಗಳ ಗಡುವನ್ನು ಬರೆದುಕೊಂಡು, ಆ ಅವಧಿಯಲ್ಲಿ ಏನೇನು ಆಗಬೇಕೆಂದು ಗೊತ್ತುಮಾಡಿಕೊಳ್ಳಿ.

ಹತ್ತನೆಯ ಹೆಜ್ಜೆ: ಮನುಷ್ಯರನ್ನು ಬಿಟ್ಟುಹೋಗದಿರುವುದು

ಸತತ ಸಂಪರ್ಕವಿಲ್ಲದಿದ್ದರೆ ಕೂಡಿಹಾಕುವ ರೂಢಿ ಬಹುತೇಕ ಮರಳಿ ಬರುತ್ತದೆ. ಅನೇಕರ ವಿಷಯದಲ್ಲಿ ಅದು ಶುರುವಾಗಿರುವುದೇ ಹತ್ತಿರದವರ ಸಾವಿನ ಬಳಿಕ. ಆ ಶಿಕ್ಷಕಿಯ ಮನೆಗೆ ಮೊದಲ ನಾಲ್ಕು ಬೆಕ್ಕುಗಳು ಬಂದದ್ದು ಅವರ ಯಜಮಾನರು ತೀರಿಕೊಂಡ ವರ್ಷ. ಬೆಕ್ಕುಗಳನ್ನು ತೆಗೆದು ಆ ಖಾಲಿತನವನ್ನು ಹಾಗೇ ಬಿಟ್ಟರೆ ಅದು ಮತ್ತೆ ಬೆಕ್ಕುಗಳಿಂದಲೇ ತುಂಬುತ್ತದೆ. ಟೆಲಿ ಮಾನಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416 ಸಂಖ್ಯೆಯಲ್ಲಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. 'ಮನೋವೈದ್ಯರ ಹತ್ತಿರ ಹೋಗೋಣ' ಎಂದರೆ ಒಪ್ಪದವರು 'ನಿದ್ದೆ ಬರಲ್ಲ ಅಂತೀರಲ್ಲ, ತೋರಿಸೋಣ' ಎಂದರೆ ಒಪ್ಪುವುದುಂಟು.

ಮೊದಲ ಮೂರು ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಕನಿಷ್ಠ ಎರಡು ವರ್ಷ ಹೋಗಿಬನ್ನಿ. ಹೋದಾಗಲೆಲ್ಲ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಬೆಕ್ಕುಗಳನ್ನು ಎಣಿಸಿ, ತೂಕ ಬರೆದುಕೊಳ್ಳಿ, ಕಾಫಿ ಕುಡಿದು ಅರ್ಧ ಗಂಟೆ ಬೇರೆ ವಿಷಯ ಮಾತಾಡಿ ಬನ್ನಿ. ಪಟ್ಟಿಯಲ್ಲಿಲ್ಲದ ಬೆಕ್ಕು ಕಂಡರೆ ಗದರಬೇಡಿ, ಅದು ಎಲ್ಲಿಂದ ಬಂತೆಂದು ಕೇಳಿ ಆ ದಾರಿಯನ್ನು ಮುಚ್ಚಿ.

ಆ ಮನೆಯಲ್ಲಿ ಈಗ ಏಳು ಬೆಕ್ಕುಗಳಿವೆ. 11 ತಿಂಗಳ ಬಳಿಕ ಒಂದು ರಾತ್ರಿ ಒಂಬತ್ತೂವರೆಗೆ ಅವರ ಫೋನ್ ಬಂತು. 'ಗೇಟಿನ ಹತ್ರ ಯಾರೋ ಪೆಟ್ಟಿಗೆ ಇಟ್ಟು ಹೋಗಿದ್ದಾರಮ್ಮಾ, ಮೂರು ಮರಿ ಇವೆ. ಒಳಗೆ ತಂದಿಲ್ಲ, ಜಗಲಿ ಮೇಲೆ ಟವೆಲ್ ಹೊದೆಸಿ ಇಟ್ಟಿದ್ದೀನಿ. ಬೇಗ ಬಾ.' ನಾನು ಹೋಗುವಷ್ಟರಲ್ಲಿ ಬಾಟಲಿಯಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಮರಿಗಳ ಪಕ್ಕದಲ್ಲಿ ಇಟ್ಟಿದ್ದರು. ಮನೆಯ ಬಾಗಿಲು ಮುಚ್ಚಿತ್ತು, ಅವರು ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದರು.